ಹರಿವಾಣದ ಆಟ

ನಮ್ಮ ಕ್ಲಾಸಿನ ಕಪಾಟಿನಲ್ಲಿ ಒಂದು ಸ್ಟೀಲಿನ ಹರಿವಾಣ ಇದೆ. ಅದರ ಅಂಚು ಒಂದು ಕಡೆ ತಗ್ಗಿದೆ. ನನ್ನ ಮದುವೆಗೆ ಯಾರೋ ಉಡುಗೊರೆ ಕೊಟ್ಟದ್ದು. ಕೊಟ್ಟವರ ಹೆಸರನ್ನು ತಿಕ್ಕಿ ತಿಕ್ಕಿ ಕೆಲಸದವಳು ಅಳಿಸಿಬಿಟ್ಟಿದ್ದಾಳೆ. ಅದನ್ನು ನಾನು ಶಾಲೆಗೆ ತಂದದ್ದು ಒಂದು ಆಟಕ್ಕಾಗಿ. ಆಟ ತೀರಾ ಸುಲಭದ್ದು, ನೀವು ನಿಮ್ಮ ಮನೆಯ ಜಗಲಿಯಲ್ಲೂ ಆಡಿಸಬಹುದು. ಹರಿವಾಣದಲ್ಲಿ ಹನ್ನೆರಡು ವಸ್ತುಗಳನ್ನಿಡಿ: ಒಂದು ಅಡಿಕೆ, ಒಂದು ಬೀಗದ ಕೈ, ಮರುವಾಯಿಯ ಚಿಪ್ಪು, ಬಟನು, ಸೀಮೆಸುಣ್ಣದ ತುಂಡು, ಹಳೆಯ ಬಸ್ ಟಿಕೆಟು, ಹೀಗೆ. ಮಕ್ಕಳು ಸುತ್ತ ಕುಳಿತು ಒಂದು ನಿಮಿಷ ನೋಡಲಿ. ಮೇಲೆ ಒಂದು ಬಟ್ಟೆ ಹೊದಿಸಿ. ಬಟ್ಟೆಯ ಒಳಗೇ ಕೈಹಾಕಿ ಒಂದನ್ನು ಮೆಲ್ಲನೆ ತೆಗೆದು ಸೆರಗಿನಲ್ಲಿ ಅಡಗಿಸಿ. ಬಟ್ಟೆ ತೆಗೆದು ಕೇಳಿ: ಯಾವುದು ಇಲ್ಲ?

ಇಷ್ಟೇ. ಇದಕ್ಕೆ ಕಾಸು ಖರ್ಚಿಲ್ಲ. ಆದರೆ ಈ ಆಟ ನನಗೆ ಒಂದು ಪಾಠ ಕಲಿಸಿದೆ, ಅದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಲು ಹೊರಟೆ. ಅಷ್ಟರಲ್ಲಿ ಚಹಾ ಬಂತು.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಕಲಿಸುತ್ತೇನೆಂದು ಕನಸು ಕಂಡಿದ್ದೆ. ಸಿಕ್ಕಿದ್ದು ಪ್ರಾಥಮಿಕ ಶಾಲೆಯ ಕೆಲಸ. 1996ರಲ್ಲಿ ಮೂರನೇ ತರಗತಿಯನ್ನು ನನ್ನ ಕೈಗೆ ಕೊಟ್ಟು ಹೆಡ್ಮಾಸ್ಟರು, 'ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಿ, ಅಷ್ಟು ಸಾಕು' ಎಂದಿದ್ದರು. ಅವರು ಹೆದರಬೇಕಾಗಿರಲಿಲ್ಲ. ನನ್ನ ಮಕ್ಕಳು ಗಲಾಟೆಯನ್ನೇ ಮಾಡುತ್ತಿರಲಿಲ್ಲ. ಅಂಗಳದಲ್ಲಿ ಕಾಗೆಗಳ ಹಾಗೆ ಕೂಗಾಡುವವರು ಒಳಗೆ ಬಂದು ಕುಳಿತ ಕೂಡಲೇ ಬಾಯಿಗೆ ಬೀಗ ಹಾಕುತ್ತಿದ್ದರು. ಶಿಸ್ತು ಎಂದು ನಾನು ಖುಷಿಪಟ್ಟೆ. ಅದು ಶಿಸ್ತಲ್ಲ ಎಂದು ತಿಳಿಯಲು ಕೆಲವು ತಿಂಗಳು ಬೇಕಾಯಿತು. ಅವರಿಗೆ ಒಳಗಿನ ಭಾಷೆ ಬೇರೆ, ಹೊರಗಿನ ಭಾಷೆ ಬೇರೆ.

ಸಂತೆಕಟ್ಟೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಉಡುಪಿಯಿಂದ ಹೆದ್ದಾರಿಯಲ್ಲಿ ಬಡಗು ದಿಕ್ಕಿಗೆ ಹೊರಟರೆ ಕಲ್ಯಾಣಪುರದ ಹತ್ತಿರ ಸ್ವರ್ಣಾ ನದಿ ಸಿಗುತ್ತದೆ. ಅದರ ಈಚೆಗೆ ಸಂತೆಕಟ್ಟೆ. ಕಾಲ್ಡ್‌ವೆಲ್ ಎಂಬ ಪಾದ್ರಿ 1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆದಾಗ ತುಳು ಭಾಷೆಯ ಸೀಮೆಯನ್ನು ತೆಂಕಣ ಚಂದ್ರಗಿರಿ ಹೊಳೆಯಿಂದ ಬಡಗಣ ಕಲ್ಯಾಣಪುರದ ಹೊಳೆಯವರೆಗೆ ಎಂದು ಗುರುತಿಸಿದ. ಹಾಗೆ ನೋಡಿದರೆ ನಮ್ಮ ಶಾಲೆ ಇರುವುದು ಒಂದು ಭಾಷೆಯ ಹೊಸ್ತಿಲ ಮೇಲೆ. ಹೊಳೆ ದಾಟಿ ಮುಂದೆ ಮುಂದೆ ಹೋದಂತೆ ಕುಂದಾಪುರದ ಕನ್ನಡ ಕಿವಿಗೆ ಬೀಳುತ್ತದೆ. ಈಚೆ ತುಳು. ಎರಡೂ ದಡದಲ್ಲಿ ಕೊಂಕಣಿ. ಬ್ಯಾರಿ ಮಕ್ಕಳ ಮನೆಮಾತು ಬೇರೆ. ಈ ಎಲ್ಲ ಮಕ್ಕಳಿಗೂ ಒಂದೇ ಕನ್ನಡ ಪುಸ್ತಕ, ಆ ಪುಸ್ತಕದ ಕನ್ನಡವನ್ನು ಮನೆಯಲ್ಲಿ ಆಡುವವರು ನಮ್ಮ ಕ್ಲಾಸಿನಲ್ಲಿ ಒಬ್ಬರೂ ಇರಲಿಲ್ಲ. ನಾನೂ ಸೇರಿ. ನಾನು ಹುಟ್ಟಿದ್ದು ಕುಂದಾಪುರದ ಕಡೆ, ಮದುವೆಯಾಗಿ ಹೊಳೆ ದಾಟಿ ಬಂದವಳು. ಬಿ.ಎಡ್. ಓದುವಾಗ ಪಾಠದ ಮಧ್ಯೆ ಬಾಯಿತಪ್ಪಿ 'ಹ್ವಾಯ್' ಎಂದು ಇಡೀ ತರಗತಿ ನಕ್ಕದ್ದು ಇನ್ನೂ ಮರೆತಿಲ್ಲ. ಆದರೂ ನೋಡಿ, ಟೀಚರಾದ ಮೊದಲ ವರ್ಷ ನಾನು ಮಾಡಿದ್ದೂ ಅದನ್ನೇ. ಮಗು 'ಪುಚ್ಚೆ' ಎಂದರೆ 'ಬೆಕ್ಕು ಅನ್ನು' ಎನ್ನುತ್ತಿದ್ದೆ. 'ಪೆತ್ತ' ಎಂದರೆ 'ಹಸು'. 'ಬರ್ಸ' ಎಂದರೆ 'ಮಳೆ'. ತಿದ್ದುವುದೇ ಕಲಿಸುವುದು ಎಂದು ನಂಬಿದ್ದೆ.

ಹಸುವಿನದ್ದೇ ಒಂದು ಕಥೆ ಇದೆ. ಪರೀಕ್ಷೆಯಲ್ಲಿ ಹಸುವಿನ ಬಗ್ಗೆ ಐದು ವಾಕ್ಯ ಬರೆಯಬೇಕಿತ್ತು. ಹಸು ಸಾಧು ಪ್ರಾಣಿ ಎಂಬುದು ಮೊದಲನೆಯ ವಾಕ್ಯ. ನಾನೇ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದು. ಒಬ್ಬ ಹುಡುಗ ಬರೆದ: 'ನಮ್ಮ ಪೆತ್ತ ಸಾಧು ಅಲ್ಲ. ಹಾಲು ಕರೆಯುವಾಗ ಅಜ್ಜಿಗೆ ಒದೆಯುತ್ತದೆ. ಅಜ್ಜಿ ಕಾಲಿಗೆ ಹಗ್ಗ ಕಟ್ಟುತ್ತಾಳೆ.' ನಾನು ಆ ಮೂರಕ್ಕೂ ಸೊನ್ನೆ ಹಾಕಿದೆ. ಬೇರೆ ಮೂವತ್ತು ಮಕ್ಕಳು ಹಸುವನ್ನು ನೋಡದೆ ಬರೆದದ್ದಕ್ಕೆ ಪೂರ್ತಿ ಅಂಕ ಕೊಟ್ಟೆ. ಆ ರಾತ್ರಿ ಪೇಪರು ಕಟ್ಟಿಡುವಾಗ ಯಾಕೋ ಆ ಅಜ್ಜಿ, ಆ ಹಗ್ಗ ಕಣ್ಣ ಮುಂದೆ ಬಂದವು. ಮೂವತ್ತೊಂದು ಪೇಪರುಗಳಲ್ಲಿ ನನಗೆ ಒಂದು ಹಸುವಾದರೂ ಕಾಣಿಸಿದ್ದು ಆ ಹುಡುಗನ ಪೇಪರಿನಲ್ಲಿ ಮಾತ್ರ. ಬೆಳಿಗ್ಗೆ ಎದ್ದು ಅಂಕ ತಿದ್ದಿದೆ. ಆದರೆ 'ಪೆತ್ತ'ದ ಕೆಳಗೆ ಕೆಂಪು ಗೆರೆ ಎಳೆಯುವುದನ್ನು ಬಿಡಲಿಲ್ಲ ಎನ್ನಿ.

ಹರಿವಾಣದ ಆಟ ಬಂದದ್ದು ಅದರ ನಂತರ, ಒಂದು ಗೈಡ್ಸ್ ತರಬೇತಿಯಿಂದ. ಅಲ್ಲಿ ಇದಕ್ಕೆ 'ಕಿಮ್ ಆಟ' ಎನ್ನುತ್ತಾರೆ. ತರಬೇತಿಯಲ್ಲಿ ಇದು ನೆನಪಿನ ಆಟ. ನಾನು ಇದನ್ನು ಮಾತಿನ ಆಟವಾಗಿ ಮಾಡಿಕೊಂಡೆ. ಮೊದಲು, ಇಲ್ಲದ್ದರ ಹೆಸರು ಹೇಳಿದರೆ ಸಾಕು, ಯಾವ ಭಾಷೆಯಲ್ಲಾದರೂ ಸರಿ. ಸ್ವಲ್ಪ ದಿನ ಕಳೆದ ಮೇಲೆ ಹೆಸರು ಹೇಳಬಾರದು, ಬಣ್ಣ, ಆಕಾರ, ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂದು ಹೇಳಬೇಕು. ಈ ಎರಡನೆಯದರಲ್ಲೇ ಮಜಾ ಇರುವುದು. ಹೆಸರು ಹೇಳಲು ಒಂದು ಪದ ಸಾಕು, ಹೆಸರು ಹೇಳದೆ ಹೇಳಬೇಕಾದರೆ ವಾಕ್ಯ ಬೇಕು. 'ಅದು ಕಂದು ಬಣ್ಣದ್ದು, ಒಂದು ಕಡೆ ಚಪ್ಪಟೆ, ಅಜ್ಜಿ ಬಾಯಿಗೆ ಹಾಕುತ್ತಾಳೆ' ಎಂದು ಅಡಿಕೆಯ ಬಗ್ಗೆ ಒಬ್ಬಳು ಹೇಳಿದಾಗ ಅವಳಿಗೇ ಆಶ್ಚರ್ಯ, ಇಷ್ಟು ಕನ್ನಡ ನನ್ನ ಹತ್ತಿರ ಉಂಟಾ ಅಂತ. ತುಳುವಿನಲ್ಲಿ ಒಗಟಿಗೆ ಎದುರುಕತೆ ಎನ್ನುತ್ತಾರೆ. ಆ ಮಕ್ಕಳ ಅಜ್ಜಿಯಂದಿರು ಆಟಿ ತಿಂಗಳ ಮಳೆಯಲ್ಲಿ ಒಲೆಯ ಬಳಿ ಕುಳಿತು ಆಡಿಸುತ್ತಿದ್ದುದೂ ಇದನ್ನೇ: ಹೆಸರು ಅಡಗಿಸಿ ರೂಪ ಹೇಳುವುದು. ನಾನು ಹೊಸದೇನನ್ನೂ ಕಂಡುಹಿಡಿದಿರಲಿಲ್ಲ.

ಆಟದಿಂದ ಆಟ ಹುಟ್ಟಿತು. ಶಾಲೆಯ ಗೋಳಿಮರವನ್ನು ತಿಂಗಳಿಗೊಮ್ಮೆ ನೋಡಿ ಬಂದು ಹೇಳುವುದು. ಕಣ್ಣುಮುಚ್ಚಿ ಒಂದು ನಿಮಿಷ ಕೇಳಿದ ಸದ್ದುಗಳನ್ನು ಹೇಳುವುದು. ಇವೆಲ್ಲಕ್ಕಿಂತ ಮಕ್ಕಳಿಗೆ ಪ್ರಿಯವಾದದ್ದು 'ನಿನ್ನೆ - ಇವತ್ತು'. ಬೆಳಿಗ್ಗೆ ಹಾಜರಿ ಆದ ಮೇಲೆ ಒಬ್ಬೊಬ್ಬರು ಎದ್ದು, ನಿನ್ನೆ ಹಾಗಿದ್ದದ್ದು ಇವತ್ತು ಹೀಗಿದೆ ಎಂಬ ಒಂದು ಸಂಗತಿ ಹೇಳಬೇಕು. 'ನಿನ್ನೆ ದಾಸವಾಳ ಮೊಗ್ಗಾಗಿತ್ತು, ಇವತ್ತು ಅರಳಿದೆ.' 'ನಿನ್ನೆ ಕಿರುಸೇತುವೆಯಲ್ಲಿ ನೀರಿತ್ತು, ಇವತ್ತು ಕೆಸರುಂಟು.' ಇತ್ತು, ಇದೆ, ಆಗಿತ್ತು, ಆಗಿದೆ ಎಂಬ ಕಾಲಭೇದವೆಲ್ಲ ವ್ಯಾಕರಣದ ಹೆಸರೇ ಎತ್ತದೆ ನಾಲಿಗೆಗೆ ಬರುತ್ತಿತ್ತು. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲಪ್ರಪಂಚ' ಹೊರತಂದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಏನೇನೋ ಪ್ರಯೋಗ ಮಾಡಿದರು. ನಮ್ಮ ಸರಕಾರದ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿತು. ಬೆಂಚು ಬಿಟ್ಟು ನೆಲದ ಮೇಲೆ ಗುಂಪಾಗಿ ಕೂರುವುದು, ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುವುದು. ಅದರ ತರಬೇತಿಯಲ್ಲಿ 'ಮಗುವಿನ ಅನುಭವದಿಂದ ಶುರುಮಾಡಿ' ಎಂದಾಗ ನಾನು ಒಳಗೊಳಗೇ ಬೀಗಿದೆ, ನಾನು ಇದನ್ನು ಮೊದಲೇ ಮಾಡುತ್ತಿದ್ದೇನಲ್ಲಾ ಎಂದು. ಬೀಗುವ ಹಕ್ಕು ನನಗೆ ಅಷ್ಟೊತ್ತಿಗೆ ಉಳಿದಿರಲಿಲ್ಲ ಎಂಬುದನ್ನೇ ಈಗ ಹೇಳಹೊರಟಿರುವುದು.

ಅದು 2007. ಆ ವರ್ಷ ಕ್ಲಾಸಿಗೆ ಬಂದ ಒಬ್ಬಳು ಹುಡುಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನೆದುರು ಬಾಯಿ ಬಿಟ್ಟವಳಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು. ಬರೆಯುತ್ತಿದ್ದಳು, ಅಕ್ಷರ ಮುತ್ತಿನಂತೆ. ಮಾತಿಲ್ಲ. ತಾಯಿ ಬೀಡಿ ಕಟ್ಟುವ ಹೆಂಗಸು, ಮನೆಯಲ್ಲಿ ತುಳು. ಕೆಲವು ಟೀಚರುಗಳು ಅವಳು ಮಂದ ಎಂದರು. ನನಗೆ ಹಾಗೆ ಅನ್ನಿಸಲಿಲ್ಲ. ಹರಿವಾಣ ತಂದಿಟ್ಟಾಗ ಅವಳ ಕಣ್ಣು ಅದರ ಮೇಲೆ ಹರಿಯುವ ರೀತಿ ನೋಡಿದರೆ ಮಂದ ಎನ್ನಲು ಸಾಧ್ಯವಿರಲಿಲ್ಲ. ಉತ್ತರ ಗೊತ್ತಿತ್ತು, ಹೇಳುತ್ತಿರಲಿಲ್ಲ.

ನವರಾತ್ರಿಯ ರಜೆ ಮುಗಿದು ಶಾಲೆ ಶುರುವಾದ ವಾರ. ಹರಿವಾಣದಿಂದ ಬೀಗದ ಕೈ ತೆಗೆದೆ. ಬಟ್ಟೆ ಸರಿಸಿ, 'ಯಾವುದು ಇಲ್ಲ?' ಎಂದೆ. ಅವಳು ಎದ್ದು ನಿಂತಳು. ನನಗೆ ಎದೆ ಹಾರಿತು. ಅವಳು ನನ್ನ ಎಡಗೈಯನ್ನು ತೋರಿಸಿ ಸಣ್ಣ ದನಿಯಲ್ಲಿ ಹೇಳಿದಳು:

'ಟೀಚರ್, ನಿಮ್ಮ ಚಿನ್ನದ ಬಳೆ ಇಲ್ಲ.'

ಇಡೀ ಕ್ಲಾಸು ನನ್ನ ಕೈ ನೋಡಿತು. ಬಳೆ ಇರಲಿಲ್ಲ, ನಿಜ. ಮಾವನವರ ಆಪರೇಶನ್‌ಗೆಂದು ರಜೆಯಲ್ಲಿ ಸೊಸೈಟಿಯಲ್ಲಿ ಅಡವಿಟ್ಟಿದ್ದೆ. ಗಾಜಿನ ಬಳೆ ಹಾಕಿಕೊಂಡಿದ್ದೆ, ಸ್ಟಾಫ್ ರೂಮಿನಲ್ಲಿ ಯಾರೂ ಗಮನಿಸಿರಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಿದ್ದರು. ನಾನು ನಕ್ಕು, 'ಪಾಲಿಶ್‌ಗೆ ಕೊಟ್ಟಿದ್ದೇನೆ ಮಗಾ' ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಆಮೇಲೆ, 'ತುಂಬ ಚೆನ್ನಾಗಿ ನೋಡಿದ್ದಿ, ಎಲ್ಲರೂ ಚಪ್ಪಾಳೆ ತಟ್ಟಿ' ಎಂದೆ. ಚಪ್ಪಾಳೆ ಬಿತ್ತು. ಆ ಮಗು ಮೊದಲ ಬಾರಿಗೆ ನಕ್ಕಿತು.

ಅಲ್ಲಿಂದ ಅವಳು ಮಾತಾಡತೊಡಗಿದಳು. ದಿನಕ್ಕೊಂದು ವಾಕ್ಯ, ಎರಡು ವಾಕ್ಯ. ಅವಳು ನೋಡುತ್ತಿದ್ದುದನ್ನು ನಾವ್ಯಾರೂ ನೋಡುತ್ತಿರಲಿಲ್ಲ. ಗೋಳಿಮರದ ಎಲೆ ಚಿಗುರುವಾಗ ಕೆಂಪಾಗಿರುತ್ತದೆ ಎಂದು, ಬಾವಿಕಟ್ಟೆಯ ಇರುವೆಗಳು ಮಳೆಗೆ ಮೊದಲು ದಾರಿ ಬದಲಿಸಿದವು ಎಂದು. ನಾನು ಮನೆಗೆ ಹೋಗಿ ಅವಳ ವಾಕ್ಯಗಳನ್ನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಟೀಚರಾದವಳಿಗೆ ಇದಕ್ಕಿಂತ ದೊಡ್ಡ ಸಂಬಳ ಯಾವುದು, ಹೇಳಿ.

ಜನವರಿಯ ಒಂದು ಬೆಳಿಗ್ಗೆ 'ನಿನ್ನೆ - ಇವತ್ತು' ಆಟದಲ್ಲಿ ಅವಳ ಸರದಿ. ಎದ್ದು ನಿಂತು ಕೈಕಟ್ಟಿ ಹೇಳಿದಳು: 'ನಿನ್ನೆ ನಮ್ಮ ಮನೆಯಲ್ಲಿ ಅಮ್ಮನ ಕುತ್ತಿಗೆಯಲ್ಲಿ ಕರಿಮಣಿ ಇತ್ತು. ಇವತ್ತು ಹಳದಿ ನೂಲು ಇದೆ. ರಾತ್ರಿ ಅಪ್ಪ ಎಳೆದುಕೊಂಡು ಹೋದದ್ದನ್ನು ನಾನು ನೋಡಿದೆ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.'

ನಾನು ಏನು ಮಾಡಿದೆ ಗೊತ್ತೇ? 'ಶಹಬ್ಬಾಸ್!' ಎಂದೆ. ನಾಲ್ಕು ವಾಕ್ಯ, ಒಂದೂ ತಪ್ಪಿಲ್ಲ, ಕಾಲ ಸರಿ, ವಿಭಕ್ತಿ ಸರಿ, ಪುಸ್ತಕದ ಕನ್ನಡ. ನನ್ನ ಕಿವಿ ಕೇಳಿದ್ದು ಅದನ್ನು. 'ಎಲ್ಲರೂ ಚಪ್ಪಾಳೆ' ಎಂದದ್ದೂ ಆಯಿತು, ಮಕ್ಕಳು ಎರಡು ಸಲ ತಟ್ಟಿದ್ದೂ ಆಯಿತು. ಮೂರನೆಯದು ಬೀಳುವ ಮೊದಲು ಅರ್ಥ ನನ್ನ ತಲೆಗೆ ಹೋಯಿತು. ಕೈ ಎತ್ತಿ ನಿಲ್ಲಿಸಿದೆ. ಆ ಮಗು ನಿಂತೇ ಇತ್ತು. ನಾನು ಅದರ ಮುಖ ನೋಡಿದ್ದು ಆಗ.

ಬಿ.ಎಡ್.ನಲ್ಲಿ ಮಾಂಟೆಸೊರಿ ಅಮ್ಮನ ಬಗ್ಗೆ ಎರಡು ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದವಳು ನಾನು. ಶಿಕ್ಷಕಿಯ ಮೊದಲ ಕೆಲಸ ಮಗುವನ್ನು ಗಮನಿಸುವುದು ಎಂಬುದು ಆಕೆಯ ವಿಧಾನದ ತಿರುಳು. ನಾನು ಮಕ್ಕಳಿಗೆಲ್ಲ ನೋಡಲು ಕಲಿಸಿದೆ. ಮಕ್ಕಳನ್ನು ನೋಡುವುದು ಮರೆತಿತ್ತು.

ಕ್ಲಾಸಿನಲ್ಲಿ ಅವಳ ನೆರೆಮನೆಯ ಹುಡುಗಿಯೊಬ್ಬಳಿದ್ದಳು. ಸಂಜೆಗೆ ಸುದ್ದಿ ಕೇರಿಯಲ್ಲಿತ್ತು. ಮೂರನೆಯ ದಿನ ತಾಯಿ ಬಂದರು. ಶಾಲೆ ಬಿಟ್ಟ ಮೇಲೆ, ಬೀಡಿ ಕೊಟ್ಟು ಬರುವ ದಾರಿಯಲ್ಲಿ, ಕೈಯಲ್ಲಿ ಖಾಲಿ ಚೀಲ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

'ಟೀಚರ್, ನೀವು ಮಕ್ಕಳಿಗೆ ಮನೆಯ ವಿಷಯ ಕೇಳ್ತೀರಂತೆ.'

'ಹಾಗಲ್ಲಮ್ಮ, ಮಾತು ಕಲಿಯಲಿ ಅಂತ ಒಂದು ಆಟ...'

'ಅವಳು ಮಾತಾಡುವುದಿಲ್ಲ ಅಂತ ನೀವೇ ಹೇಳಿ ಕಳಿಸಿದ್ದು. ಈಗ ಮಾತಾಡಿದಳಲ್ಲ.'

ನನಗೆ ಮಾತು ಬರಲಿಲ್ಲ. ತಪ್ಪಾಯಿತು ಎಂದೆ. ಆಮೇಲೆ, ಸಮಾಧಾನ ಮಾಡಬೇಕೆಂಬ ಆತುರದಲ್ಲಿ, ನನ್ನ ಕೈ ತೋರಿಸಿ ಹೇಳಿಬಿಟ್ಟೆ, 'ನೋಡಿ, ನನ್ನದೂ ಸೊಸೈಟಿಯಲ್ಲೇ ಉಂಟು. ಎಲ್ಲರ ಮನೆಯಲ್ಲೂ ಇದ್ದದ್ದೇ.'

ಅವರು ನನ್ನ ಗಾಜಿನ ಬಳೆ ನೋಡಿದರು. 'ನಿಮ್ಮದು ಬಿಡಿಸಿಕೊಳ್ಳಬಹುದು ಟೀಚರ್,' ಎಂದರು. ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಕಂಡದ್ದು ಕಂಡಂತೆ ಹೇಳಿದರೆ ಕೆಂಡದಂಥ ಕೋಪ ಎಂದು ಗಾದೆ. ಇಲ್ಲಿ ಕೋಪವೂ ಇರಲಿಲ್ಲ. ಆ ರಾತ್ರಿ ನಾನು ಯೋಚಿಸಿದ್ದು ಬಳೆಯ ಬಗ್ಗೆ. ನನ್ನ ಬಳೆಯ ಮಾತು ಬಂದಾಗ ನಾನು ಸುಳ್ಳು ಹೇಳಿ ನನ್ನ ಮನೆಯ ಬಾಗಿಲು ಮುಚ್ಚಿಕೊಂಡೆ. ಅದರಲ್ಲಿ ತಪ್ಪು ಕಾಣಲಿಲ್ಲ. ದೊಡ್ಡವರಿಗೆ ಆ ಸೌಕರ್ಯ ಇದೆ. ಆದರೆ ಅದೇ ಮಗುವಿಗೆ, ನೋಡಿದ್ದನ್ನು ನೋಡಿದ ಹಾಗೆ ಹೇಳಿದರೆ ಚಪ್ಪಾಳೆ ಸಿಗುತ್ತದೆ ಎಂದು ಕಲಿಸಿದೆ. ಅವಳ ತಾಯಿಯ ಬಾಗಿಲನ್ನು ಮೂವತ್ತೊಂದು ಮಕ್ಕಳ ಎದುರು ತೆರೆಸಿದೆ, ಆ ತಾಯಿಯನ್ನು ಕೇಳದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಯಾಕೆ? ಯಾರಿಗೂ ಕೇಳಿಸದಿರಲಿ ಎಂದು.

ಕಿಮ್ ಆಟಕ್ಕೆ ಆ ಹೆಸರು ಬಂದದ್ದು ರಡ್ಯಾರ್ಡ್ ಕಿಪ್ಲಿಂಗನ 1901ರ ಕಾದಂಬರಿಯಿಂದ. ಅದನ್ನು ನಾನು ಓದಿದ್ದು ಈ ಘಟನೆಯ ನಂತರ. ಅದರಲ್ಲಿ ಶಿಮ್ಲಾದ ಒಬ್ಬ ಅಂಗಡಿಯವನು ಕಿಮ್ ಎಂಬ ಹುಡುಗನಿಗೆ ತಟ್ಟೆಯಲ್ಲಿ ರತ್ನಗಳನ್ನಿಟ್ಟು, ನೋಡಿ ನೆನಪಿಟ್ಟು ಹೇಳುವ ಆಟ ಆಡಿಸುತ್ತಾನೆ. ಯಾಕೆ ಬಲ್ಲಿರಾ? ಹುಡುಗನನ್ನು ಬ್ರಿಟಿಷರ ಗೂಢಚಾರನನ್ನಾಗಿ ಮಾಡಲು. ಬೇಡನ್ ಪೊವೆಲ್ 1908ರಲ್ಲಿ ಸ್ಕೌಟುಗಳಿಗಾಗಿ ಬರೆದ ಪುಸ್ತಕದಲ್ಲಿ ಈ ಆಟವನ್ನು ಸೇರಿಸಿದ, ಅಲ್ಲಿಂದ ಅದು ಲೋಕದ ಶಾಲೆಗಳಿಗೆಲ್ಲ ಹಬ್ಬಿ ನನ್ನ ಮದುವೆಯ ಹರಿವಾಣಕ್ಕೆ ಬಂದು ಬಿತ್ತು. ಗೂಢಚಾರರ ಆಟ ಎಂದು ತಿಳಿದಾಗ ನಕ್ಕೆ, ಆಮೇಲೆ ನಗು ಬರಲಿಲ್ಲ. ನಾನು ಮನೆಮನೆಗೂ ಒಬ್ಬೊಬ್ಬ ಪುಟ್ಟ ಗೂಢಚಾರನನ್ನು ಕಳಿಸುತ್ತಿದ್ದೆನೇ? ಬೆಳಿಗ್ಗೆ ವರದಿ ಒಪ್ಪಿಸಲು?

ಇನ್ನೊಂದು ಸಂಗತಿ ಹೊಳೆದದ್ದು ಎಷ್ಟೋ ಕಾಲದ ಮೇಲೆ, ನನ್ನ ತುಳು ಸುಧಾರಿಸಿದ ಮೇಲೆ. ತುಳುವಿನಲ್ಲಿ 'ನಾವು' ಎನ್ನಲು ಎರಡು ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ 'ನಮ', ಕೇಳುವವರನ್ನು ಬಿಟ್ಟು ಹೇಳಿದರೆ 'ಎಂಕುಲು'. ಮಗು ತನ್ನ ಮನೆಯ ಮಾತನ್ನು ತುಳುವಿನಲ್ಲಿ ಹೇಳಿದ್ದರೆ 'ಎಂಕ್ಲೆನ ಇಲ್ಲಡ್' ಎನ್ನುತ್ತಿತ್ತು: ನಮ್ಮ ಮನೆಯಲ್ಲಿ, ಅಂದರೆ ನಿಮ್ಮದಲ್ಲದ ನಮ್ಮ ಮನೆಯಲ್ಲಿ. ಆ ಪದದಲ್ಲೇ ಒಂದು ದಣಪೆ ಇದೆ. ನನ್ನ ಕನ್ನಡದ 'ನಮ್ಮ ಮನೆ'ಯಲ್ಲಿ ಆ ದಣಪೆ ಇಲ್ಲ, ಯಾರು ಬೇಕಾದರೂ ಒಳಗೆ ಬರಬಹುದು. ನಾನು ಅವಳಿಗೆ ಒಂದು ಭಾಷೆ ಕೊಟ್ಟೆ ಎಂದುಕೊಂಡಿದ್ದೆ. ಕೊಡುವಾಗ ಏನನ್ನೋ ಕಳಚಿದ್ದೂ ನಾನೇ. ಇದು ವ್ಯಾಕರಣದ ಮೇಲೆ ತೀರಾ ದೊಡ್ಡ ಭಾರ ಹಾಕಿದಂತೆ ಕಂಡೀತು. ಒಂಬತ್ತು ವರ್ಷದ ಮಗು ಇದನ್ನೆಲ್ಲ ಯೋಚಿಸಿರಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಮಕ್ಕಳು ಭಾಷೆಯನ್ನು ಯೋಚಿಸಿ ಆಡುವುದಿಲ್ಲ, ಅದರೊಳಗೆ ಇರುತ್ತಾರೆ.

ಹಾಗಾದರೆ ಮಗುವಿಗೆ 'ಮನೆಯ ವಿಷಯ ಹೊರಗೆ ಹೇಳಬಾರದು' ಎಂದು ಕಲಿಸಬೇಕೇ? ನಮ್ಮಲ್ಲಿ ಹೆಚ್ಚಿನವರು ಬೆಳೆದದ್ದು ಹಾಗೆಯೇ. ಮನೆಯ ಕೊಳೆ ಬೀದಿಯಲ್ಲಿ ತೊಳೆಯಬೇಡ ಎಂದು ನನ್ನ ತಾಯಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆ ಮಾತಿನ ಮರೆಯಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಸೆರಗು ಕಚ್ಚಿಕೊಂಡರು ಎಂಬುದೂ ಈ ಬರಹ ಓದುವ ನಿಮಗೆ ಗೊತ್ತು. ಮಕ್ಕಳೂ ಅಷ್ಟೇ. 2012ರಲ್ಲಿ ಪೋಕ್ಸೊ ಕಾನೂನು ಬಂದ ಮೇಲೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದವರು ಅದನ್ನು ತಿಳಿಸಲೇಬೇಕು, ಸುಮ್ಮನಿದ್ದರೆ ಅದೇ ಅಪರಾಧ. 1098 ಎಂಬ ಮಕ್ಕಳ ಸಹಾಯವಾಣಿಯ ನಂಬರನ್ನು ನಾವೇ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ತನ್ನ ಮೈಮೇಲೆ ನಡೆದದ್ದನ್ನು ಹೇಳಲು ಮಗುವಿಗೆ ಮಾತು ಬೇಕು. ಎಲ್ಲಿ, ಯಾವಾಗ, ಯಾರು, ಹೇಗೆ ಎಂದು ಒಂದೊಂದಾಗಿ ಹೇಳುವ ಮಾತು. ಅದನ್ನು ಕಲಿಸುವುದು ಹಸುವಿನ ಐದು ವಾಕ್ಯವಲ್ಲ, ಇಂಥ ಆಟಗಳೇ. ಹೀಗಾಗಿ ಹರಿವಾಣವನ್ನು ಅಟ್ಟಕ್ಕೆ ಹಾಕಲೂ ನನಗೆ ಮನಸ್ಸಾಗಲಿಲ್ಲ.

ಹಾಗೂ ಆ ಮನೆಯಲ್ಲಿ ಆ ರಾತ್ರಿ ನಡೆದದ್ದು ಯಾರಾದರೂ ಕೇಳಬೇಕಾದದ್ದೇ ಆಗಿತ್ತಲ್ಲ? ಕುತ್ತಿಗೆಯಿಂದ ಎಳೆದುಕೊಂಡು ಹೋದದ್ದು! ಮಗು ಅದನ್ನು ಹೇಳಿದ್ದು ಆಟಕ್ಕೆ ಒಂದು ವಾಕ್ಯ ಬೇಕೆಂದೇ, ಅಥವಾ ಯಾರಿಗಾದರೂ ಹೇಳಬೇಕೆಂದು ರಾತ್ರಿಯಿಡೀ ಕಾದಿತ್ತೇ? ಕೈಕಟ್ಟಿ ನಿಂತ ಆ ನಿಲುವು ನೆನಪಾದಾಗಲೆಲ್ಲ ಎರಡನೆಯದೇ ಇರಬೇಕು ಎನ್ನಿಸುತ್ತದೆ. ಹಾಗಿದ್ದರೆ ನನ್ನ ತಪ್ಪು ಕೇಳಿದ್ದರಲ್ಲಿಲ್ಲ. ಅವಳು ನನಗೆ ಹೇಳಲು ಬಂದದ್ದನ್ನು ನಾನು ಎಲ್ಲರಿಗೂ ಹೇಳಿಸಿದೆ, ಮೇಲೆ ಚಪ್ಪಾಳೆ ತಟ್ಟಿಸಿದೆ.

ಆ ಹುಡುಗಿ ಮತ್ತೆ ಮೌನಕ್ಕೆ ಹೋದಳು. ಮಾರ್ಚ್‌ವರೆಗೆ ನಾನು ಮಾಡದ ಪ್ರಯತ್ನವಿಲ್ಲ. ಹರಿವಾಣದ ಮುಂದೆ ಕುಳಿತಾಗ ಹೆಸರು ಮಾತ್ರ ಹೇಳುತ್ತಿದ್ದಳು. 'ಬಟನು.' 'ಚಿಪ್ಪು.' ವಾಕ್ಯ ಇಲ್ಲ. ಒಂದು ದಿನ ಅವಳೊಬ್ಬಳನ್ನೇ ಕರೆದು, ಬಳೆ ಪಾಲಿಶ್‌ಗೆ ಕೊಟ್ಟದ್ದಲ್ಲ, ಅಡವಿಟ್ಟದ್ದು, ನಾನು ಸುಳ್ಳು ಹೇಳಿದೆ ಎಂದೆ. ಅವಳು ತಲೆಯಾಡಿಸಿದಳು. ಅದು ಮೊದಲೇ ಗೊತ್ತಿತ್ತು ಎಂಬಂತೆ.

ಈಗ ನಾನು ಆಡಿಸುವ ರೀತಿ ಬೇರೆ. 'ನಿನ್ನೆ - ಇವತ್ತು' ಆಟದ ಸೀಮೆ ಮನೆಯ ಅಂಗಳದ ಆಚೆಗೆ; ದಾರಿ, ಮರ, ಆಕಾಶ, ಬಸ್ಸು, ಶಾಲೆ. 2023ರಲ್ಲಿ ಹೆದ್ದಾರಿಯಲ್ಲಿ ಅಂಡರ್‌ಪಾಸಿಗೆಂದು ಅಗೆದ ಹೊಂಡ ನಮ್ಮ ಮಕ್ಕಳಿಗೆ ಒಂದು ಮಳೆಗಾಲಕ್ಕೆ ಸಾಕಾಗುವಷ್ಟು ವಾಕ್ಯ ಕೊಟ್ಟಿತು. ಇಂಜಿನಿಯರುಗಳಿಗಿಂತ ನಿಖರವಾಗಿ ಅವರು ನೀರಿನ ಮಟ್ಟ ಹೇಳುತ್ತಿದ್ದರು. ಮನೆಯೊಳಗಿನದ್ದು ಏನಾದರೂ ಹೇಳಬೇಕೆನಿಸಿದರೆ ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬನ್ನಿ ಎಂದಿದ್ದೇನೆ, ತುಳುವಿನಲ್ಲೇ ಹೇಳಿ ಎಂದಿದ್ದೇನೆ. ಹೆಚ್ಚಿನವರು ಹೇಳಲು ಬರುವುದು ನಾಯಿ ಮರಿ ಹಾಕಿದ್ದು, ಅಣ್ಣ ಪೆನ್ಸಿಲ್ ಕದ್ದದ್ದು. ಒಮ್ಮೆ ಇಬ್ಬರ ವಿಷಯದಲ್ಲಿ ನಾನು ಮುಂದಿನ ಹೆಜ್ಜೆ ಇಡಬೇಕಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. 'ಪುಚ್ಚೆ'ಯ ಕೆಳಗೆ ಕೆಂಪು ಗೆರೆ ಎಳೆಯುವುದನ್ನು ನಿಲ್ಲಿಸಿ ಹದಿನೈದು ವರ್ಷವಾಯಿತು. ಬೋರ್ಡಿನಲ್ಲಿ ಪುಚ್ಚೆ, ಬೆಕ್ಕು, ಕೊಂಕಣಿಯ ಮಾಜರ್ ಮೂರೂ ಪಕ್ಕಪಕ್ಕದಲ್ಲಿ ಕೂರುತ್ತವೆ, ಜಗಳವಾಡುವುದಿಲ್ಲ.

ಆ ಹುಡುಗಿಯನ್ನು ಹೋದ ದೀಪಾವಳಿಗೆ ಮೊದಲು ಉಡುಪಿಯ ಒಂದು ಸೀರೆ ಅಂಗಡಿಯಲ್ಲಿ ನೋಡಿದೆ. ಕೌಂಟರಿನ ಆಚೆ ನಿಂತು ಒಬ್ಬ ಗಿರಾಕಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದಳು. 'ಇದು ಗಿಳಿಹಸಿರು ಅಲ್ಲ ಮೇಡಂ, ಬಾಳೆಯ ಸುಳಿಯ ಹಸಿರು, ಬಿಸಿಲಿಗೆ ಹಿಡಿದು ನೋಡಿ, ಅಂಚಿನಲ್ಲಿ ಸ್ವಲ್ಪ ಹಳದಿ ಉಂಟು.' ಮಾತು ಸರಾಗ. ನನ್ನನ್ನು ಗುರುತಿಸಿ 'ಟೀಚರ್' ಎಂದಳು, ಕುರ್ಚಿ ಎಳೆದುಕೊಟ್ಟಳು, ತಾಯಿ ಚೆನ್ನಾಗಿದ್ದಾರೆ ಎಂದಳು. ಬೆಲೆಯಲ್ಲಿ ರಿಯಾಯಿತಿಯನ್ನೂ ಕೇಳಿ ಕೊಡಿಸಿದಳು. ಅಂದು ನನ್ನ ಕೈಯಲ್ಲಿ ಆ ಬಳೆ ಇತ್ತು. ಅವಳು ಅದನ್ನು ನೋಡಿದಳೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ.

ಮೊನ್ನೆ ಸೋಮವಾರ ಹರಿವಾಣ ಇಟ್ಟು ಬಟ್ಟೆ ತೆಗೆದು, 'ಯಾವುದು ಇಲ್ಲ?' ಎಂದೆ. ಹಿಂದಿನ ಸಾಲಿನ ಒಬ್ಬ ಪೋಕರಿ ಎದ್ದು, 'ಟೀಚರ್, ನಿಮ್ಮ ಬಿಳಿ ಕೂದಲು ಇಲ್ಲ' ಎಂದ. ಕ್ಲಾಸೆಲ್ಲ ಗೊಳ್ಳೆಂದಿತು. ಪಾಲಿಶ್ ಎಂಬ ಮಾತು ಒಂದು ಕ್ಷಣ ನಾಲಿಗೆಯ ತುದಿಗೆ ಬಂದದ್ದು ನಿಜ.

'ಬಣ್ಣ ಹಚ್ಚಿದೆ ಮಗಾ, ಆದಿತ್ಯವಾರ' ಎಂದೆ.

'ಯಾವ ಬಣ್ಣ ಟೀಚರ್?'

'ಕಪ್ಪು.'

ಅವನು ಬೆಂಚಿನ ಮೇಲೆ ಮೊಣಕಾಲೂರಿ, ಕತ್ತು ಓರೆ ಮಾಡಿ, ಕಿಟಕಿಯ ಬೆಳಕಿನಲ್ಲಿ ನನ್ನ ತಲೆಯನ್ನು ಚೆನ್ನಾಗಿ ನೋಡಿದ.

'ಅಲ್ಲ ಟೀಚರ್,' ಎಂದ. 'ಕಿವಿಯ ಹತ್ತಿರ ಸ್ವಲ್ಪ ಕೆಂಪು ಉಂಟು.'